ಬೆಕ್ಕಿನ ಮಡಿ

ನಮ್ಮ ಹಿತ್ತಲ ಬಾಗಿಲ ಹೊರಗೆ, ಬಲಗಡೆ ಗೋಡಿಗೆ ಒಂದು ಮೊಳಿ ಇದೆ. ಆ ಮೊಳಿಗೆ ಒಂದು ಸೀರಿ. ಮಳೆ ಬರಲಿ, ಬಿಸಿಲು ಬೀಳಲಿ, ಅದು ಅಲ್ಲೇ. ಹೊಸದಾಗಿ ಬಂದವರು ಅದನ್ನು ನೋಡದೆ ಹೋಗುವುದಿಲ್ಲ, ನೋಡಿದವರು ಕೇಳದೆ ಬಿಡುವುದಿಲ್ಲ. ಮೊನ್ನೆ ಗ್ಯಾಸಿನ ಸಿಲಿಂಡರ ಹೊತ್ತು ತಂದವನೂ ಕೇಳಿದ.

“ಆಯೀ, ಸೀರಿ ಒಣಗಿ ಕಟಗಿ ಆಗೇತಲಾ, ತಗೀಬಾರದ?”

“ಅದು ಬೆಕ್ಕಿನ ಮಡಿಸೀರಿಪಾ,” ಅಂದೆ.

ಅವನು ಸಿಲಿಂಡರ ಇಳಿಸಿ ಜಲ್ದಿ ಹೋಗಿಬಿಟ್ಟ. ಮುದುಕಿಗೆ ತಲಿ ಕೆಟ್ಟೈತಿ ಅಂದುಕೊಂಡಿರಬೇಕು. ಕೆಟ್ಟಿಲ್ಲ. ಹೇಳುತ್ತೇನೆ, ಕೇಳ್ರಿ.

ಮೊದಲು ಸೀರಿಯ ಮಾತು. ನಮ್ಮದು ಬೆಟಗೇರಿಯ ನೇಕಾರರ ಮನಿ. ನೇಕಾರನ ಹೆಂಡತಿಗೆ ಭಾಳ ಸೀರಿ ಇರುತ್ತವೆ ಅಂತ ಹೊರಗಿನವರು ತಿಳಿದಿರುತ್ತಾರೆ. ಇರುತ್ತವೆ, ಖರೆ. ಆದರೆ ಎಂಥವು? ನಡುವೆ ಎಳಿ ಹರಿದು ಗೆರಿ ಬಿದ್ದದ್ದು, ಬಣ್ಣ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮಿಯಾದದ್ದು, ಸೆರಗಿನ ಪಟ್ಟಿ ಸೊಟ್ಟ ಹೋದದ್ದು. ಅಂಗಡಿಯವರು ಬ್ಯಾಡ ಅಂದದ್ದೆಲ್ಲ ನಮ್ಮ ಮೈಮೇಲೆ. ನಲವತ್ತು ವರ್ಷ ನಾನು ಉಟ್ಟದ್ದು ಅಂಥವೇ. ತಪ್ಪಿಲ್ಲದ ಸೀರಿ ಉಟ್ಟರೆ ಯಾರದೋ ಕೇಳಿ ತಂದು ಉಟ್ಟಂಗ ಅನ್ನಿಸುತ್ತದೆ, ಈಗಲೂ. ಮೊಳಿಯ ಮೇಲಿನದೂ ಅಂಥದೇ. ನೀಲಿ ಒಡಲು, ಕೆಂಪು ದಡಿ, ಒಡಲ ನಡುವೆ ಈ ತುದಿಯಿಂದ ಆ ತುದಿತನಕ ಕೂದಲಿನಷ್ಟು ಸಣ್ಣ ಜಾಳು ಗೆರಿ. ನಮ್ಮ ಮನಿಯವರು ಅದನ್ನು ಜ್ವರದಲ್ಲಿ ನೇಯ್ದಿದ್ದರು. ಎಳಿ ಹರಿದದ್ದು ಅವರಿಗೆ ಕಾಣಲಿಲ್ಲ. ಬಾಜೂಕ ಕಂಡಕಿ ಸುತ್ತುತ್ತ ಕುಂತಿದ್ದ ನನಗೆ ಕಂಡಿತು. ಹೇಳಲಿಲ್ಲ. ಹೇಳಿದ್ದರೆ ಸೀರಿ ನನಗೆ ಬರುತ್ತಿರಲಿಲ್ಲ.

ಕಂಡಕಿ ಅಂದರೆ ಲಾಳಿಯ ಹೊಟ್ಟಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ನಾನು ಸಾಲಿ ಕಲಿತದ್ದು ಮೂರನೇ ಇಯತ್ತಿ. ಆಮೇಲೆ ಕಲಿತದ್ದೆಲ್ಲ ಕಂಡಕಿ ಸುತ್ತುವುದು.

ಇನ್ನು ಮಡಿಯ ಮಾತು. ಮಡಿ ಅಂದರೆ ನಮ್ಮತ್ತಿ. ಶುಕ್ರವಾರ ಬಂತು ಅಂದರೆ ಬನಶಂಕರಿಗೆ ಮಡಿ. ಹಿಂದಿನ ದಿನವೇ ಸೀರಿ ಒಗೆದು, ಮಾಳಿಗಿಯ ಕೆಳಗೆ ಅಡ್ಡ ಕಟ್ಟಿದ ಗಳದ ಮೇಲೆ, ಯಾರ ಕೈಗೂ ನಿಲುಕದಂತೆ ಹರವುತ್ತಿದ್ದಳು. ಹರವುವುದು ಕೋಲಿನಿಂದ, ತೆಗೆಯುವುದೂ ಕೋಲಿನಿಂದ. ಅದಕ್ಕಂತ ಒಂದು ಬಿದಿರಿನ ಕೋಲು ಇತ್ತು, ತುದಿ ಸೀಳಿದ್ದು. ಮುಂಜಾನೆ ಜಳಕ ಮಾಡಿ ಆ ಸೀರಿ ಉಟ್ಟಳೆಂದರೆ ಪೂಜಿ ಮುಗಿದು ನೈವೇದ್ಯ ಆಗುವತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಮಕ್ಕಳೂ ಅಷ್ಟೇ, ಗಂಡನೂ ಅಷ್ಟೇ. “ಸರೀರಿ, ಸರೀರಿ” ಅನ್ನುತ್ತ ಪಡಸಾಲಿಯ ತುಂಬ ತಾನೊಬ್ಬಳೇ ಅಡ್ಡಾಡುತ್ತಿದ್ದಳು. ನಾವು ಗೋಡಿಗೆ ಅಂಟಿಕೊಂಡು ನಿಲ್ಲಬೇಕು.

ನಾನು ಹೊಸದಾಗಿ ಬಂದ ಸೊಸಿ, ಬಾಯಿ ಜೋರು. “ದೇವಿ ಏನು ಮೂಗಿಲೇ ಮೂಸಿ ನೋಡ್ತಾಳೇನ್ರಿ ಅತ್ತಿ, ಯಾರ ಮುಟ್ಯಾರ ಯಾರ ಬಿಟ್ಟಾರ ಅಂತ?” ಅಂತ ಒಮ್ಮೆ ಕೇಳಿದೆ. ಕೋಲು ತೋರಿಸಿದಳು. ಇನ್ನೊಂದು ಸಲ, ಮಾಗಿ ಚಳಿ, ನಮ್ಮೂರ ಗಾಳಿ ನಿಮಗೆ ಗೊತ್ತಲ್ಲ, ಬಾಗಿಲು ತೆರೆದದ್ದೇ ತಡ ನನ್ನ ಸೆರಗು ಹಾರಿ ಹೋಗಿ ಅತ್ತಿಯ ಬೆನ್ನಿಗೆ ಬಿತ್ತು. ಪಾಪ, ಮತ್ತೆ ತಣ್ಣೀರು. ನಾನು ಒಲಿಯ ಮುಂದೆ ಕುಂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಬಚ್ಚಲದಿಂದಲೇ ಕೇಳಿಸಿತೋ ಏನೋ, ಹಲ್ಲು ಕಟಕಟ ಅನ್ನಿಸುತ್ತ ಕೂಗಿ ಹೇಳಿದಳು: “ನಗು, ನಗು. ನಿನಗೂ ಒಂದಿನ ಬರತೈತಿ ಮಡಿ.”

ಬಂತು ನೋಡ್ರಿ. ದೇವಿಯಿಂದ ಬರಲಿಲ್ಲ, ಬೆಕ್ಕಿನಿಂದ ಬಂತು.

ನಮ್ಮ ಮಗ್ಗ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿರುತ್ತಾರೆ, ನೇಯುವವರು ಅದರ ದಂಡಿಗೆ ಕುಂತು ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾರೆ. ನಮ್ಮ ಮನಿಯವರು ತೀರಿಕೊಂಡ ಮೇಲೆ ಮಗ ಶಿವಾನಂದ ಮಗ್ಗ ಬಿಚ್ಚಿಸಿದ. ಅವನಿಗೆ ಮಗ್ಗ ಬರುವುದಿಲ್ಲ, ಗದಗಿನಲ್ಲಿ ಛಾಪಖಾನಿಯಲ್ಲಿ ಕೆಲಸ. ಕಟ್ಟಿಗಿ ಒಲಿಗೆ ಹೋಯಿತು. ಕಟ್ಟಿಗಿ ಚಲೋ ಇತ್ತು, ಭಾಳ ದಿನ ಉರಿಯಿತು. ಕುಣಿ ಮಾತ್ರ ಉಳಿಯಿತು. “ಮುಂದಿನ ವಾರ ಮಣ್ಣ ತುಂಬಿ ಟೈಲ್ಸ್ ಹಾಕಸ್ತೀನಿ,” ಅಂದ. ಆ ಮುಂದಿನ ವಾರದೊಳಗೆ ಎಲ್ಲಿಂದಲೋ ಒಂದು ಬೆಕ್ಕು ಬಂದು ಕುಣಿಯೊಳಗೆ ಮೂರು ಮರಿ ಹಾಕಿತು. ಬಾಣಂತಿಯನ್ನು ಹೊರಗೆ ಹಾಕುವುದು ಹ್ಯಾಂಗ? ಟೈಲ್ಸ್ ನಿಂತವು.

ತಾಯಿ ಎರಡು ಮರಿ ಕಚ್ಚಿಕೊಂಡು ಹೋಯಿತು. ಮೂರನೆಯದಕ್ಕೆ ಬರಲೇ ಇಲ್ಲ. ಬೂದಿ ಬಣ್ಣದ ಮರಿ, ಕುಣಿಯ ತಳದಲ್ಲಿ ಉರುಳಾಡುತ್ತಿತ್ತು, ಥೇಟ್ ಲಾಳಿಯಿಂದ ಉದುರಿದ ಕಂಡಕಿ. ಅದೇ ಹೆಸರಾಯಿತು. ನಮ್ಮ ಮನಿಯವರ ಕಾಲು ಇರುತ್ತಿದ್ದ ಜಾಗದಲ್ಲಿ ಅದು ಮಲಗುತ್ತಿತ್ತು ಅಂತ ನಾನು ಹೇಳಿದರೆ ನೀವು ಕಣ್ಣೊರೆಸಿಕೊಳ್ಳುತ್ತೀರಿ. ಬ್ಯಾಡ. ಅಲ್ಲಿ ತಂಪು ಇತ್ತು, ಅದಕ್ಕೆ ಮಲಗುತ್ತಿತ್ತು. ಆದರೆ ಆ ದಂಡಿಗೆ ಕುಂತು ಮಾತಾಡಿ ನನಗೆ ರೂಢಿ. ಮುಂಚೆ ಅವರು ಕೇಳುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಈಗ ಬೆಕ್ಕು ಕೇಳುತ್ತಿತ್ತು, ಉತ್ತರ ಕೊಡುತ್ತಿರಲಿಲ್ಲ. ಅಷ್ಟೇ ಫರಕು.

ಮರುವರ್ಷ ಶಿವಾನಂದನ ಮದುವಿ ಆಯಿತು. ಹುಡುಗಿ ಲಕ್ಷ್ಮೇಶ್ವರದ ಕಡೆಯವಳು, ಗಿರಿಜಾ. ಬಿ.ಎ. ಕಲಿತವಳು, ಇಲ್ಲೇ ಒಂದು ಸಾಲಿಯಲ್ಲಿ ಟೀಚರ್. ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದಳು, ಬಂದವಳೇ ಸೀನಿದಳು. ಒಂದಲ್ಲ ಎರಡಲ್ಲ, ಹನ್ನೊಂದು. ಆರತಿ ಹಿಡಿದವರು ದೀಪ ಆರುತ್ತದೆ ಅಂತ ಹಿಂದೆ ಸರಿದರು. ಹೊಸ ಸೀರಿಯ ಗಂಜಿ ಮೂಗಿಗೆ ಹತ್ತಿರಬೇಕು ಅಂದೆವು. ಒಂದು ವಾರವಾದರೂ ಗಂಜಿ ಇಳಿಯಲಿಲ್ಲ. ಕಣ್ಣು ಕೆಂಪು, ಮೂಗು ಕೆಂಪು, ಕೈಯಲ್ಲಿ ಯಾವಾಗಲೂ ವಸ್ತ್ರ. ಓಣಿಯ ಹೆಂಗಸರು ನನ್ನನ್ನೇ ಒಂಥರಾ ನೋಡತೊಡಗಿದರು. ಅತ್ತಿ ಕಾಟಕ್ಕೆ ಸೊಸಿ ದಿನಾ ಅಳುತ್ತಾಳೆ ಅಂತ ಅವರ ಲೆಕ್ಕ.

ಕಡೆಗೆ ಅವಳೇ ಹೇಳಿದಳು. “ಅತ್ತಿ, ನನಗ ಅಲರ್ಜಿ ಐತ್ರಿ. ಬೆಕ್ಕಿಂದು.”

“ಯಾವ ಅರ್ಜಿ? ಯಾರಿಗೆ ಕೊಟ್ಟಿದ್ದಿ?”

ಶಿವಾನಂದ ನಕ್ಕ. ಅವಳು ನಗಲಿಲ್ಲ, ಸೀನಿದಳು. ಖರೆ ಹೇಳುತ್ತೇನೆ, ನಾನು ನಂಬಲಿಲ್ಲ. ನಾವು ಹತ್ತಿಯ ಧೂಳಿಯೊಳಗೆ ಹುಟ್ಟಿ ಹತ್ತಿಯ ಧೂಳಿಯೊಳಗೆ ಸಾಯುವ ಮಂದಿ. ಮೂಗು ಇರುವುದೇ ಧೂಳಿಗೆ ಅಂತ ತಿಳಿದವರು. ಇದೇನು ಬಿ.ಎ. ಮೂಗು ಅಂದುಕೊಂಡೆ. ಒಂದು ದಿನ ಅವಳಿಗೆ ಎದಿ ಸಿಳ್ಳೆ ಹೊಡೆದಂಗ ಆಗಿ, ದಮ್ಮು ಹತ್ತಿ, ಗದಗಿನ ದವಾಖಾನಿಗೆ ಒಯ್ದರು. ನಾನೂ ಹೋಗಿದ್ದೆ. ಮೂಗಿಗೆ ಹೊಗಿಯ ಯಂತ್ರ ಹಚ್ಚಿ ಕೂಡಿಸಿದ್ದರು. ಡಾಕ್ಟರು ನನಗೆ ತಿಳಿಸಿ ಹೇಳಿದರು: ತಪ್ಪು ಕೂದಲಿನದಲ್ಲ ಅಮ್ಮಾ, ಬೆಕ್ಕು ಮೈ ನೆಕ್ಕಿಕೊಳ್ಳುತ್ತದಲ್ಲ, ಆ ಜೊಲ್ಲು ಒಣಗಿ ಗಾಳಿಗೆ ಹಾರುತ್ತದೆ, ಅದು.

ಬಸ್ಸಿನಲ್ಲಿ ಬರುವಾಗ ಅದನ್ನೇ ವಿಚಾರ ಮಾಡಿದೆ. ಬೆಕ್ಕು ಮೈ ನೆಕ್ಕುವುದು ಸ್ವಚ್ಛ ಆಗಲಿಕ್ಕೆ. ಅದರ ಮಡಿಯೇ ಇವಳಿಗೆ ಮೈಲಿಗಿ. ಈಗ ಯಾರಿಗೆ ಬೈಯೋಣ?

ಶಿವಾನಂದ ಒಂದು ಗೋಣಿಚೀಲ ತಂದ. “ಯವ್ವಾ, ನಮ್ಮ ಛಾಪಖಾನಿ ಹುಡುಗ ಒಬ್ಬಾಂವ ಸಿಂಗಟಾಲೂರಾಂವ ಅದಾನ. ಅಲ್ಲೇ ಹೊಳಿ ದಂಡಿಗೆ ಬಿಟ್ಟು ಬರ್ತೀನಿ. ಮೀನ ತಿಂದು ಅರಾಮ ಇರತೈತಿ.”

“ನನ್ನೂ ಅದ ಚೀಲದಾಗ ಹಾಕು. ನಾನೂ ಹೊಳಿ ದಂಡ್ಯಾಗ ಅರಾಮ ಇರ್ತೀನಿ.”

“ಹಂಗ ಮಾತಾಡಬ್ಯಾಡ. ಆಕಿ ಉಸಿರು ನಿಂತ್ರ ಏನ ಮಾಡೂದು?”

ಉತ್ತರ ಇಲ್ಲದಾಗ ನಾನು ಜೋರಾಗಿ ಮಾತಾಡುತ್ತೇನೆ. ಆ ಬೆಕ್ಕು ಆಕಿಗಿಂತ ಮೊದಲು ಈ ಮನಿಗೆ ಬಂದೈತಿ ಅಂದುಬಿಟ್ಟೆ. ಗಿರಿಜಾ ಒಳಗೆ ಇದ್ದಳು, ಕೇಳಿಸಿತು. ಮರುದಿನ ಶಿವಾನಂದ ಕರಾರು ಹಾಕಿದ: ಬೆಕ್ಕು ಹಿತ್ತಲದಲ್ಲಿ ಇರಲಿ, ಹೊಸ್ತಿಲು ದಾಟಬಾರದು. ಕಿಟಕಿಗೆಲ್ಲ ಜಾಲರಿ. ಗಿರಿಜಾಳನ್ನು ಇನ್ನೊಂದು ಸಲ ದವಾಖಾನಿಗೆ ಒಯ್ಯುವ ಹಂಗಾಯಿತೋ, ಮಾತಿಲ್ಲ ಕಥಿಯಿಲ್ಲ, ಸಿಂಗಟಾಲೂರು. ಗೋಣಿಚೀಲವನ್ನು ಮಡಿಚಿ ಅಟ್ಟದ ಮೇಲೆ ಇಟ್ಟ, ನನಗೆ ಕಾಣುವಂತೆ. ಅದೇ ವಾರ ಕುಣಿ ತುಂಬಿ ಟೈಲ್ಸ್ ಹಾಕಿಸಿದ. ಬಿಳಿ ಟೈಲ್ಸ್. ಕಾಲು ಜಾರುತ್ತವೆ.

ಕಂಡಕಿಗೆ ಹಿತ್ತಲದಲ್ಲಿ ಒಗೆಯುವ ಕಲ್ಲಿನ ಬಾಜೂಕ ಒಂದು ಹಳೆಯ ಪೆಟ್ಟಿಗಿ ಇಟ್ಟೆ, ಒಳಗೆ ಹರಕು ಅರಿವಿ. ಮೊದಲ ಎಂಟು ದಿನ ಜಾಲರಿಗೆ ಮೂತಿ ಒತ್ತಿ ಒದರಿತು. ಆಮೇಲೆ ಸುಮ್ಮನಾಯಿತು. ಹಾವರಾಣಿ, ಇಲಿ, ಪಕ್ಕದ ಮನಿ ಪಾರವ್ವನ ಹಾಲಿನ ಗಡಿಗಿ, ಅದರ ಸಂಸಾರ ಅದು ಮಾಡಿಕೊಂಡಿತು. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ಹಿತ್ತಲ ಕಟ್ಟಿಗೆ ಕುಂಡ್ರುತ್ತಿದ್ದೆ, ಅದು ತೊಡಿಮೇಲೆ ಕುಂಡ್ರುತ್ತಿತ್ತು. ಸಂಜಿ ಅವರು ಬರುವ ಹೊತ್ತಿಗೆ ನಾನು ಒಳಗೆ, ಅದು ಹೊರಗೆ. ಎಲ್ಲ ಸುದ್ದ ಆಯಿತು, ಜಗಳ ತೀರಿತು ಅಂದುಕೊಂಡೆ.

ನನ್ನ ದೊಡ್ಡ ತಪ್ಪು ಆಮೇಲೆ ಆದದ್ದು. ಬೆಕ್ಕು ಆಕಿಗಿಂತ ಮೊದಲು ಬಂದೈತಿ ಅಂತ ಅವತ್ತು ಆಡಿದ ಮಾತು ನನ್ನನ್ನು ಬಿಟ್ಟಿರಲಿಲ್ಲ. ಕ್ಷಮಾ ಕೇಳುವುದು ನನಗೆ ಗೊತ್ತಿಲ್ಲ, ನಮ್ಮ ಮನಿಯೊಳಗೆ ಯಾರೂ ಯಾರಿಗೂ ಕೇಳಿದ್ದು ನಾನು ಕಾಣೆ. ಅದಕ್ಕೆ ಕೌದಿ ಹೊಲಿದೆ. ಹಳೆಯ ಸೀರಿಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಸುತ್ತ ಸುತ್ತ ದಾರ ಎಳೆಯುತ್ತ ಹೋಗುವುದು. ಎರಡು ತಿಂಗಳು ಹಿಡಿಯಿತು. ಎಲ್ಲಿ ಕುಂತು ಹೊಲಿದೆ? ಹಿತ್ತಲ ಕಟ್ಟಿಯ ಮೇಲೆ, ಬೆಳಕು ಅಲ್ಲೇ ಚಲೋ. ಹಾಸಿದ ಅರಿವಿಯ ನಟ್ಟನಡುವೆ ಯಾರು ಮಲಗಿದ್ದರು? ನಿಮಗೆ ಈಗಾಗಲೇ ತಿಳಿದಿದೆ. ನನಗೆ ತಿಳಿಯಲಿಲ್ಲ. “ಸರಿಯಲೇ ಕಂಡಕಿ, ಸೂಜಿ ಚುಚ್ಚತೈತಿ” ಅನ್ನುತ್ತ, ಬೆಕ್ಕಿನ ಸುತ್ತಲೇ ಹೊಲಿಗಿ ಹಾಕಿ ಹಾಕಿ ಕೌದಿ ಮುಗಿಸಿದೆ. ಬೆಕ್ಕು ಹೊಸ್ತಿಲು ದಾಟಬಾರದು ಅಂದಿದ್ದರು, ದಾಟಲಿಲ್ಲ. ನಾನೇ ಅದನ್ನು ಎಳಿ ಎಳಿಯಾಗಿ ಹೊಲಿದು ಒಳಗೆ ಒಯ್ದೆ.

ಒಂದು ರವಿವಾರ ಕೊಟ್ಟೆ. ಅವಳ ಮುಖ ಅರಳಿದ್ದು ನೋಡಿದೆ. “ನನಗ ಅಂತನ ಹೊಲದ್ರ್ಯಾ ಅತ್ತಿ?” ಅಂದಳು. ಮಧ್ಯಾಹ್ನ ಊಟವಾದ ಮೇಲೆ ಅದನ್ನೇ ಹೊದ್ದು ಮಲಗಿದಳು. ಚಹಾದ ಹೊತ್ತಿಗೆ ಕಣ್ಣು ಬಾತು ಮುಚ್ಚಿಹೋಗಿದ್ದವು, ಎದಿ ಸಿಳ್ಳೆ ಹೊಡೆಯುತ್ತಿತ್ತು. ಶಿವಾನಂದ ಗಾಡಿ ಮೇಲೆ ಕೂಡಿಸಿಕೊಂಡು ದವಾಖಾನಿಗೆ ಓಡಿದ. ನಾನು ಹಾಸಗಿಯ ಮೇಲಿನ ಕೌದಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಹೊಲಿಗಿ ಹೊಲಿಗಿಗೂ ಬೂದಿ ಕೂದಲು.

ಅಟ್ಟದ ಮೇಲಿನ ಗೋಣಿಚೀಲ ನೋಡಿದೆ. ಇಳಿಸಿ ಕೆಳಗೆ ಇಟ್ಟೆ. ಯಾಕೆ ಅವನ ಕೈಯಲ್ಲಿ ಏರಿಸಿ ಇಳಿಸಿ ಮಾಡಿಸಬೇಕು.

ಅವರು ತಿರುಗಿ ಬಂದರು. ಶಿವಾನಂದ ಚೀಲ ನೋಡಿದ, ನನ್ನ ನೋಡಿದ. “ಯಾಕ ಯವ್ವಾ?” ಅಂದ. ನಾನು ಬಾಯಿ ತೆಗೆಯುವುದರೊಳಗೆ ಗಿರಿಜಾ ಅಂದಳು, ದನಿ ಇನ್ನೂ ಒಡೆದಿತ್ತು: “ಬೆಕ್ಕಿಂದಲ್ರಿ. ನಿನ್ನೆ ಸಾಲ್ಯಾಗ ಹಳೇ ಕಪಾಟ ಝಾಡಿಸಿದ್ವಿ. ಬೋರ್ಡಿಗೆ ಬರಿಯೂ ಖಡುವಿನ ಧೂಳಿ.” ಶಿವಾನಂದ ನಂಬಿದ. ಗಂಡಸರು ನಂಬುತ್ತಾರೆ. ಅವನು ಆಚೆ ಹೋದ ಮೇಲೆ ಅವಳು ನನ್ನ ಮುಖ ನೋಡದೆ, “ಕೌದಿ ಭಾಳ ಚಲೋ ಐತ್ರಿ ಅತ್ತಿ. ಒಗದು ಬಿಸಲಿಗೆ ಹಾಕಿ ಇಡ್ರಿ,” ಅಂದಳು. ಅಷ್ಟೇ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಮರುದಿನ ನಾನೇ ಮೊಳಿ ಹೊಡೆದೆ. ಗೆರಿ ಬಿದ್ದ ನೀಲಿ ಸೀರಿ ಅದಕ್ಕೆ ಹಾಕಿದೆ. ಇನ್ನು ಮೇಲೆ ಬೆಕ್ಕಿನ ಹತ್ತಿರ ಹೋಗುವುದಾದರೆ ಒಳಗಿನ ಸೀರಿ ತೆಗೆದು ಆ ಸೀರಿ ಉಡುವುದು. ಒಳಗೆ ಬರುವುದಾದರೆ ಅದನ್ನು ಮೊಳಿಗೆ ಹಾಕಿ, ಹಿತ್ತಲ ಬಚ್ಚಲದಲ್ಲಿ ಜಳಕ ಮಾಡಿ, ಬ್ಯಾರೆ ಸೀರಿ ಉಟ್ಟು ಬರುವುದು. ಬೆಕ್ಕಿನ ಸೀರಿಯ ಜೋಡಿ ಬ್ಯಾರೆ ಅರಿವಿ ಒಗೆಯುವಂತಿಲ್ಲ. ಯಾರೂ ಹೇಳಲಿಲ್ಲ, ನಾನೇ ಶಾಸ್ತ್ರ ಬರೆದೆ, ನಾನೇ ನಡೆಸಿದೆ. ಪಾರವ್ವ ಗೋಡಿಯ ಆಚೆಯಿಂದ ನೋಡಿ ನೋಡಿ ಒಂದು ದಿನ ಕೇಳಿದಳು.

“ಯಕ್ಕಾ, ದಿನಕ್ಕ ಎರಡ ಸಲ ಜಳಕ! ಏನ ವ್ರತ ಹಿಡದೀಯವ?”

“ಬೆಕ್ಕಿನ ಮಡಿ,” ಅಂದೆ.

“ನಿಮ್ಮತ್ತಿ ಮ್ಯಾಲೆ ನಗತಿರಬೇಕು ನೋಡು.”

ನಗುತ್ತಿರಬೇಕು. ಬಾಯಿಗೆ ಸೆರಗು ತುರುಕಿಕೊಂಡು.

ಆದರೆ ಒಂದು ಮಾತು. ಮಡಿಯಲ್ಲಿ ಇದ್ದವರ ಸುದ್ದಿ ಮಡಿಯಲ್ಲಿ ಇದ್ದವರಿಗೇ ಗೊತ್ತು. ನಮ್ಮತ್ತಿ ಸೊಕ್ಕಿಗೆ ಹಂಗೆ ಮಾಡುತ್ತಾಳೆ ಅಂತ ನಾನು ತಿಳಿದಿದ್ದೆ. ಪಡಸಾಲಿ ತುಂಬ ಮಂದಿ, ಎಲ್ಲರೂ ಗೋಡಿಗೆ ಅಂಟಿ ನಿಂತವರು, ನಡುವೆ ಒಬ್ಬಳೇ ನಡೆದು ಹೋಗುವುದು ಹ್ಯಾಂಗಿರುತ್ತದೆ ಅಂತ ಈಗ ಗೊತ್ತಾಯಿತು. ನಾನು ಒಳಗೆ ಬಂದರೆ, ಎಷ್ಟೇ ಜಳಕ ಮಾಡಿರಲಿ, ಗಿರಿಜಾ ಅರ್ಧ ಹೆಜ್ಜಿ ಹಿಂದೆ ಸರಿಯುತ್ತಾಳೆ. ಚಹಾದ ಕಪ್ಪು ಕೈಗೆ ಕೊಡುವುದಿಲ್ಲ, ಕಟ್ಟಿಯ ಮೇಲೆ ಇಟ್ಟು ಕೈ ತೆಗೆಯುತ್ತಾಳೆ. ತಪ್ಪು ಅವಳದಲ್ಲ, ಉಸಿರಿನ ಅಂಜಿಕಿ. ಗೊತ್ತಿದೆ. ಗೊತ್ತಿದ್ದರೆ ಏನಾಯಿತು?

ಒಂದು ಮಧ್ಯಾಹ್ನ ಬ್ಯಾರೆ ಕೆಲಸವಿಲ್ಲದೆ ನೆನಪು ಮಾಡಿಕೊಂಡೆ, ನನ್ನ ಮೈಗೆ ಮನಿಷ್ಯಾರ ಕೈ ಮುಟ್ಟಿ ಎಷ್ಟು ದಿನವಾಯಿತು ಅಂತ. ಮುಂಡರಗಿ ಬಸ್ಸಿನ ಕಂಡಕ್ಟರ ಒಬ್ಬ ರಟ್ಟಿ ಹಿಡಿದು ಮೇಲೆ ಎಳೆದಿದ್ದ, “ಏರ ಜಲ್ದಿ ಆಯೀ” ಅಂತ. ಡಾಕ್ಟರು ಬಿ.ಪಿ. ನೋಡಿದ್ದರು. ಆದರೆ ಅದು ಪಟ್ಟಿ, ಕೈ ಅಲ್ಲ. ದಸರಿಯಲ್ಲಿ ಶಿವಾನಂದ ಬನ್ನಿ ಕೊಟ್ಟು ಮುಟ್ಟುತ್ತಾನೆ. ಅದು ಕಾಲು. ಹಿಂಗೆ ಒಂದೊಂದೇ ತೆಗೆದುಹಾಕಿದರೆ ಉಳಿದದ್ದು ಕಂಡಕ್ಟರ ಒಬ್ಬನೇ. ಅಷ್ಟರಲ್ಲಿ ಕಂಡಕಿ ಬಂದು ಅಂಗೈಗೆ ತಲಿ ತಿಕ್ಕಿತು. ಬೆಕ್ಕು ಪ್ರೀತಿಗೆ ತಿಕ್ಕುವುದಿಲ್ಲ, ಹಸಿವಿಗೆ ತಿಕ್ಕುತ್ತದೆ. ಆದರೂ ತಿಕ್ಕಿತು.

ಈ ವರ್ಷ ಹಬ್ಬಗಳ ಮುಂಚೆ ಯಳವತ್ತಿಯಿಂದ ಫೋನು ಬಂತು. ನನ್ನ ತಂಗಿ ಶಾಂತವ್ವ ಬಚ್ಚಲದಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ನೋಡಿಕೊಳ್ಳಲಿಕ್ಕೆ ನಾನು ಹೋಗಲೇಬೇಕು. ಕಂಡಕಿಯನ್ನು ಪಾರವ್ವನಿಗೆ ಒಪ್ಪಿಸಿದೆ. “ಹೋಗ ಯಕ್ಕಾ, ನನ್ನ ಮಗಳಂಗ ನೋಡ್ಕೋತೀನಿ,” ಅಂದಳು. ಗಿರಿಜಾಗೆ ಏನೂ ಹೇಳಲಿಲ್ಲ. ಏನಂತ ಹೇಳುವುದು?

ಇಪ್ಪತ್ತು ದಿನ ಯಳವತ್ತಿಯಲ್ಲಿದ್ದೆ. ಗಿರಿಜಾ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಬೆಕ್ಕು ಹ್ಯಾಂಗಿದೆ ಅಂತ ಕೇಳಲಿಲ್ಲ, ಕೇಳಿದರೆ ನಾನು ಸೋತಂಗ.

“ಹಿತ್ತಲದಾಗ ಎಲ್ಲಾ ಹೆಂಗೈತಿ?” ಅನ್ನುತ್ತಿದ್ದೆ.

“ಕರಿಬೇವು ಚಿಗತೈತ್ರಿ ಅತ್ತಿ,” ಅನ್ನುತ್ತಿದ್ದಳು.

ಆಕಿಯೂ ಸೋಲುವವಳಲ್ಲ.

ತಂಗಿ ಕೋಲು ಹಿಡಿದು ನಡೆಯತೊಡಗಿದ ಮೇಲೆ ಬಸ್ಸು ಹತ್ತಿದೆ. ಬರುತ್ತೇನೆ ಅಂತ ಮನಿಗೆ ಹೇಳಿರಲಿಲ್ಲ. ಶನಿವಾರ ಮಧ್ಯಾಹ್ನ. ಬಗಲಿನ ಓಣಿಯಿಂದ ಸೀದಾ ಹಿತ್ತಲಕ್ಕೇ ಹೋದೆ. ಮೊದಲು ಕಣ್ಣು ಹೋದದ್ದು ಮೊಳಿಗೆ.

ಮೊಳಿ ಬರಿದಾಗಿತ್ತು.

ಪೆಟ್ಟಿಗಿ ಬರಿದು. ತಾಟು ಇಲ್ಲ. ಪಾರವ್ವನ ಬಾಗಿಲಿಗೆ ಬೀಗ. ನಾನು ಗಂಟು ಕೆಳಗಿಟ್ಟು ನಳದ ನೀರು ಕುಡಿದೆ. ಆತು, ಹೋತು ಅಂದುಕೊಂಡೆ. ಎಷ್ಟೋ ಬೆಕ್ಕು ಬಂದಾವು, ಎಷ್ಟೋ ಹೋಗ್ಯಾವು. ಸಿಂಗಟಾಲೂರಿನಲ್ಲಿ ಮೀನ ಇರುವುದು ಖರೆ. ಸೀರಿ ಯಾಕೆ ಬಿಸಾಡಬೇಕಿತ್ತು? ಸೀರಿ ಏನು ಮಾಡಿತ್ತು? ಹಿಂಗೆಲ್ಲ ವಿಚಾರ ಮಾಡುತ್ತ ಮೆಟ್ಟಲ ಮೇಲೆ ಕುಂತೆ.

ಆಗ ಕರಿಬೇವಿನ ಗಿಡದ ಹಿಂದಿನಿಂದ ಒಂದು ಆಕಾರ ಬಂತು. ತಲಿಗೆ ಹೆಲ್ಮೆಟ್, ಗಾಜು ಕೆಳಗೆ ಇಳಿಸಿದ್ದು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದು. ಮೈಮೇಲೆ ನನ್ನ ನೀಲಿ ಸೀರಿ. ಒಂದು ಕೈಯಲ್ಲಿ ಉದ್ದನ್ನ ಬಿದಿರಿನ ಕೋಲು.

“ಯಾರಲೇ ಅದು!” ಅಂತ ಚೀರಿದೆ.

“ನಾನ್ರಿ ಅತ್ತಿ.” ಗಡಿಗಿಯೊಳಗಿಂದ ಬಂದಂಥ ದನಿ.

“ನಾನು ಅಂದ್ರ?”

“ಗಿರಿಜಾರಿ.”

“ಹೆಲ್ಮೆಟ್ ಹಾಕ್ಕೊಂಡು ಎಲ್ಲಿಗೆ ಹೊಂಟಿ, ಬೆಕ್ಕಿನ ಮ್ಯಾಲೆ ಕುಂತು?”

ಯಾಕಂದರೆ ಅವಳ ಹಿಂದೆ, ಸರಿಯಾಗಿ ಕೋಲಿನಷ್ಟು ದೂರದಲ್ಲಿ, ಬಾಲ ಎತ್ತಿಕೊಂಡು ಕಂಡಕಿ ಬರುತ್ತಿತ್ತು. ಮೈ ತುಂಬಿಕೊಂಡಿತ್ತು. ಗಿರಿಜಾ ಕೋಲಿನ ತುದಿಯಿಂದ ತಾಟನ್ನು ಅದರ ಕಡೆ ಸರಿಸಿದಳು, ಹಾಲು ಕಲಸಿದ ರೊಟ್ಟಿ. ಆ ಕೋಲು ನೋಡಿದೆ. ತುದಿ ಸೀಳಿದ್ದು. ನಮ್ಮತ್ತಿಯದು. ಅಟ್ಟದ ಮೇಲೆ ಎಲ್ಲೋ ಬಿದ್ದಿತ್ತು.

“ಪಾರವ್ವಾರು ಮೂರನೇ ದಿನಕ್ಕನ ಮಗಳ ಮನೀಗೆ ಶಿರಹಟ್ಟಿಗೆ ಹೋದ್ರು,” ಅಂದಳು ಹೆಲ್ಮೆಟ್ಟಿನ ಒಳಗಿಂದಲೇ. “ಇದು ಒದರಾಕ ಹತ್ತಿತು. ಎಷ್ಟ ಒದರಿದ್ರೂ ನೀವು ಬರೂದಿಲ್ಲಂತ ಅದಕ್ಕ ಹೇಳೋರು ಯಾರ್ರಿ? ನಾ ಮುಟ್ಟಿಲ್ರಿ ಅತ್ತಿ. ದೂರಿಂದನ ಹಾಕ್ತೀನಿ, ಜಳಕ ಮಾಡ್ತೀನಿ, ಗುಳಿಗಿ ತಗೋತೀನಿ. ಅವರಿಗೆ ಹೇಳಬ್ಯಾಡ್ರಿ ಮತ್ತ.”

“ಹೆಲ್ಮೆಟ್ ಅವಂದ ಅಲ್ಲೇನ?”

“ದಿನಾ ಒರಸಿ ಇಡ್ತೀನ್ರ್ಯಾ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಬ್ಯಾರೆ ಏನೋ ಬಂತು, ಅದನ್ನು ತಡೆಯಲಿಕ್ಕೆ ಬಿರುಸಾಗಿ ಕೇಳಿದೆ: “ಅವತ್ತು ಕೌದ್ಯಾಗಿನ ಕೂದಲಾ ನೀ ನೋಡಿದ್ದಿ. ಖಡುವಿನ ಧೂಳಿ ಅಂತ ಯಾಕ ಸುಳ್ಳ ಹೇಳಿದಿ?”

ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿ ಮುಖ ಕಾಣುತ್ತಿರಲಿಲ್ಲ.

“ಬೆಕ್ಕ ಹೋದ್ರ ನೀವು ಯಾರ ಜೋಡಿ ಮಾತಾಡ್ತಿದ್ರಿ ಅತ್ತಿ? ನನ್ನ ಜೋಡಿ ಅಂತೂ ಮಾತಾಡೂದಿಲ್ಲ.”

ಹೇಳಿದಳು, ಅಷ್ಟೇ. ಸಿಟ್ಟಿಲ್ಲ, ಏನಿಲ್ಲ. ನಾನು ಬಾಯಿ ಜೋರಿನವಳು. ಬೆಕ್ಕಿನ ಕಡೆ ತಿರುಗಿದೆ.

ಕಂಡಕಿಯನ್ನು ಕರೆದೆ. ಬಂತು, ನನ್ನ ಸೀರಿ ಮೂಸಿತು. ಯಳವತ್ತಿಯ ವಾಸನಿ, ಪ್ಲಾಸ್ಟರಿನ ವಾಸನಿ. ತಿರುಗಿ ಹೋಗಿ ಅವಳ ಕೋಲಿನ ತುದಿಯ ಹತ್ತಿರ ಕುಂತಿತು. ಮುಟ್ಟಲಾರದವಳ ಹಿಂದೆ ಬಿದ್ದಿತ್ತು ಅದು ಈಗ. ಬೆಕ್ಕಿನ ಜಾತಿಯೇ ಹಂಗೆ. ರೊಟ್ಟಿ ಎಲ್ಲಿಯೋ ಅಲ್ಲಿ. ಇರಲಿ.

ಗಿರಿಜಾ ಸೀರಿ ಮೊಳಿಗೆ ಹಾಕಿ, ಹಿತ್ತಲ ಬಚ್ಚಲಕ್ಕೆ ಹೋಗಿ, ಜಳಕ ಮಾಡಿ ಹೊರಗೆ ಬಂದಳು. ಕಣ್ಣು ಸ್ವಲ್ಪ ಕೆಂಪಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ತಲಿ ನೋಡ್ರಿ, ಜುಂಜು ಜುಂಜು. ಯಳವತ್ತ್ಯಾಗ ಎಣ್ಣಿ ಸಿಗಲಿಲ್ಲೇನ್ರಿ? ನೀರ ಬಿಸಿ ಅದಾವು. ಬಸ್ಸಿನ ಧೂಳಿ ತೊಳಕೊಂಡು ಬರ್ರಿ, ಹಚ್ಚತೀನಿ.”

“ನನಗ ಕೈ ಇಲ್ಲೇನ?” ಅಂದೆ.

“ಅದಾವು. ಬರ್ರಿ.”

ಜಳಕ ಮಾಡಿದೆ. ಅವತ್ತು ಎರಡು ಸಲ ಸಾಬಾಣ ಹಚ್ಚಿದೆ, ಯಾಕೆ ಅಂತ ಕೇಳಬ್ಯಾಡ್ರಿ. ಒಗೆದ ಸೀರಿ ಉಟ್ಟು ಅಡಗಿಮನಿಯ ಕಿಟಕಿಯ ಹತ್ತಿರ ಕುಂತೆ. ಅವಳು ಹಿಂದೆ ಕುಂತು ಬಟ್ಟಲಿನ ಎಣ್ಣಿಯಲ್ಲಿ ಬೆರಳು ಅದ್ದಿದಳು. ನೆತ್ತಿಯ ಮೇಲೆ ಕೈ ಇಟ್ಟಳು.

ಆ ಕೈ ಹ್ಯಾಂಗಿತ್ತು ಅಂತ ಹೇಳಲಿಕ್ಕೆ ನನಗೆ ಬರುವುದಿಲ್ಲ. ಬಿಸಿ ಇತ್ತು. ಅಷ್ಟು ಹೇಳಬಲ್ಲೆ.

ಕಿವಿಯ ಹಿಂದೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. ಮುಖ ಆಚೆ ತಿರುಗಿಸಿದ್ದು ಗೊತ್ತಾಯಿತು. ಸೀನಿದಳು. ಒಂದು. ಎರಡು. ನನ್ನ ಮೈಮೇಲೆ ಇನ್ನೂ ಎಲ್ಲೋ ಬೆಕ್ಕಿನ ಒಂದು ಎಳಿ ಉಳಿದಿತ್ತು. ನಮ್ಮತ್ತಿಯ ಬೆನ್ನಿಗೆ ನನ್ನ ಸೆರಗು ಬಿದ್ದಂಗ. ಮಡಿ ಕೆಟ್ಟಿತು. ನಾನು ನೆಲಕ್ಕೆ ಕೈ ಊರಿ ಏಳಲಿಕ್ಕೆ ಹೋದೆ.

ಎಣ್ಣಿ ಕೈಯಿಂದಲೇ ಭುಜ ಒತ್ತಿದಳು.

“ಎಲ್ಲಿಗೆ ಹೊಂಟ್ರಿ? ಅರ್ಧಾ ತಲಿ ಉಳದೈತಿ. ಸುಮ್ಮಕ ಕುಂಡ್ರಿ.”

ಕುಂತೆ. ಜಾಲರಿಯ ಆಚೆ ಬೆಕ್ಕು ಕುಂತು ನಮ್ಮಿಬ್ಬರನ್ನೂ ನೋಡುತ್ತಿತ್ತು. ಅದಕ್ಕೆ ಅವತ್ತು ಯಾರ ಕೈಯೂ ಇರಲಿಲ್ಲ.